ಎಪ್ಪತ್ತು ಕೆಜಿ ಹೆಚ್ಚು

ಅಪ್ಪ ಮಗಳು ಕೂತಿದ್ದ ಲಾರಿ, ತೂಕ ನೋಡುವ ವೇಬ್ರಿಡ್ಜಿನ ಕಬ್ಬಿಣದ ಹಲಗೆಯ ಮೇಲೆ ನಿಂತಿತು. ಕೆಂಪು ಅಂಕಿ ಏರುತ್ತಾ ಹೋಗಿ ಒಂದು ಕಡೆ ಸ್ಥಿರವಾಯಿತು. ತೂಕದವನು ಕಿಟಕಿಯಿಂದ ತಲೆ ಹೊರಹಾಕಿದ.

"ಯಜಮಾನ್ರೇ, ಇನ್ನೂರ ನಲವತ್ತು ಕೆಜಿ ಹೆಚ್ಚಿದೆ."

ಲಾರಿಯ ಮೇಲಿದ್ದದ್ದು ಮೂರು ಕಾರು. ಮೂರೂ ಕೆಟ್ಟು ನಿಂತು ರಿಪೇರಿಗೆ ಹೊರಟವು. ಇಳಿಸಿದರೆ ಓಡುವಂಥವಲ್ಲ, ಅಲ್ಲೇ ಬಿಟ್ಟು ಹೋಗಲು ಕಾನೂನು ಒಪ್ಪುವುದಿಲ್ಲ. ಅಪ್ಪನಿಗೆ ಇದ್ದದ್ದು ಇದೊಂದೇ ಲಾರಿ, ಅದಕ್ಕೊಂದು ಸಣ್ಣ ಪರ್ಮಿಟ್ಟು. ಮಿತಿ ಮೀರಿದ್ದಕ್ಕೆ ಆ ಪರ್ಮಿಟ್ಟಿನ ಮೇಲೆ ಆಗಲೇ ಎರಡು ಮುದ್ರೆ ಬಿದ್ದಿದ್ದವು. ಮೂರನೆಯದು ಬಿದ್ದರೆ ಪರ್ಮಿಟ್ಟೇ ರದ್ದು, ಲಾರಿ ಮನೆ ಮುಂದೆ ಕಾಗೆ ಕೂರಲಿಕ್ಕೆ.

"ಕಾರಿನ ಪುಸ್ತಕದಲ್ಲಿರೋ ತೂಕ ಕೂಡಿಸಿಯೇ ಹತ್ತಿಸಿದ್ದು. ತಪ್ಪೋಕೆ ಸಾಧ್ಯವೇ ಇಲ್ಲ," ಎಂದ ಅಪ್ಪ.

ಪಕ್ಕದಲ್ಲಿ ಕೂತಿದ್ದ ಮಗಳು ಹೇಳುವುದನ್ನು ಬೆಳಿಗ್ಗೆಯೇ ಹೇಳಿದ್ದಳು: ಈ ಹಳೇ ಕಾರಿನ ಹಿಂಭಾಗ ಕುಸಿದಿದೆ ಅಪ್ಪಾ, ಡಿಕ್ಕಿಯಲ್ಲಿ ಏನೋ ತುಂಬಿದ್ದಾರೆ, ತೆಗೆಸಿ ನೋಡು. 'ಇಪ್ಪತ್ತು ವರ್ಷದ ಗಿರಾಕಿ, ಅವರ ಡಿಕ್ಕಿ ತಡಕೋದಾ?' ಎಂದು ಅಪ್ಪ ಗದರಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಈಗ ಫೋನು ಮಾಡಿದರೆ ಗಿರಾಕಿ ನಕ್ಕ. ಕಾರು ಇಳಿಸುವ ಊರಲ್ಲಿ ಅವನ ತಮ್ಮ ಮನೆ ಕಟ್ಟಿಸುತ್ತಿದ್ದಾನಂತೆ, ಹೇಗೂ ಲಾರಿ ಹೋಗುತ್ತಲ್ಲಾ ಅಂತ ಡಿಕ್ಕಿಯಲ್ಲಿ ನೆಲದ ಟೈಲ್ಸ್ ಇಟ್ಟನಂತೆ. ಡಿಕ್ಕಿಯ ಕೀ ಮಾತ್ರ ಅವನ ಜೇಬಲ್ಲೇ ಉಳಿದುಬಿಟ್ಟಿತ್ತು.

"ಅರ್ಧ ಗಂಟೆ ಟೈಮಿದೆ," ಎಂದ ತೂಕದವನು. "ಅಷ್ಟರೊಳಗೆ ಇಳಿಸಿ ಮತ್ತೆ ತೂಗಿಸಿದ್ರೆ ಮುದ್ರೆ ಬೀಳಲ್ಲ. ಸಾಮಾನು ಬೇಕಾದ್ರೆ ನನ್ನ ರೂಮಿನ ಹಿಂದೆ ಇಡಿ, ವಾಪಸ್ ಬರುವಾಗ ತಗೊಂಡು ಹೋಗಿ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ."

ಅಪ್ಪ ಮಗಳು ಸೇರಿ ಎರಡು ಸ್ಟೆಪ್ನಿ ಇಳಿಸಿದರು. ಜಾಕು, ಸ್ಪ್ಯಾನರ್ ಪೆಟ್ಟಿಗೆ, ನೀರಿನ ಕ್ಯಾನು, ಹಾಸಿಗೆಯ ಸುರುಳಿ ಎಲ್ಲ ಇಳಿಯಿತು. ಕಾರು ಬಿಗಿದ ಸರಪಳಿಗಳನ್ನು ಮಾತ್ರ ಮುಟ್ಟುವಂತಿರಲಿಲ್ಲ. ಮತ್ತೆ ಇಬ್ಬರೂ ಹತ್ತಿ ಕೂತರು.

"ಎಪ್ಪತ್ತು ಹೆಚ್ಚು."

ಅಪ್ಪ ಊಟದ ಡಬ್ಬಿ ಇಳಿಸಿದ. ಬೆನ್ನ ಹಿಂದಿನ ಮೆತ್ತೆ ಇಳಿಸಿದ. ಕೊನೆಗೆ ಚಪ್ಪಲಿಯನ್ನೂ ಕಳಚಿ ಕೆಳಗೆಸೆದ. ಹತ್ತು ಹತ್ತರ ಲೆಕ್ಕದಲ್ಲಿ ಏರಿ ಇಳಿಯುವ ಅಂಕಿ, ಜಪ್ಪಯ್ಯ ಅಂದರೂ ಕದಲಲಿಲ್ಲ.

"ನೀನು ಇಳಿ. ಬಸ್ಸಲ್ಲಿ ಬಾ," ಎಂದ ಮಗಳಿಗೆ.

ಅವಳು ಇಳಿದಳು. "ಇಪ್ಪತ್ತು," ಎಂದ ತೂಕದವನು. ಗಡಿಯಾರ ನೋಡಿಕೊಂಡ. ಆಮೇಲೆ, ತೀರಾ ಸಾಮಾನ್ಯ ಮಾತೆಂಬಂತೆ ಕೇಳಿದ, "ಮಗಳಿಗೆ ಲೈಸೆನ್ಸ್ ಇದೆಯಾ?"

ಅಪ್ಪ ಗಾಜಿನಾಚೆ ನೋಡುತ್ತಾ ಕೂತ. ಇತ್ತು. ಎರಡು ವರ್ಷದ ಹಿಂದೆಯೇ ಹೆವಿ ಲೈಸೆನ್ಸು, ಅದೂ ಮೊದಲ ಸಲಕ್ಕೇ. ಅಪ್ಪ ಪಾಸಾದದ್ದು ಮೂರನೆಯ ಸಲಕ್ಕೆ ಎಂಬುದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈ ಎರಡು ವರ್ಷ ಅವಳು ಸರಪಳಿ ಬಿಗಿದಳು, ಗಾಜು ಒರೆಸಿದಳು, ತೂಕ ಕೂಡಿಸಿದಳು. ಸ್ಟೀರಿಂಗ್ ಕೇಳಿದಾಗಲೆಲ್ಲ 'ಲೋಡಾದ ಲಾರಿ ನನ್ನ ಮಾತು ಬಿಟ್ಟು ಇನ್ಯಾರದ್ದೂ ಕೇಳಲ್ಲ' ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅಪ್ಪನಿಗೆ ಹೆದರಿಕೆ. ಅವಳು ಎಲ್ಲಾದರೂ ಗುದ್ದಿಬಿಟ್ಟಾಳು ಎಂದಲ್ಲ, ಚೆನ್ನಾಗಿ ಓಡಿಸಿಬಿಟ್ಟರೆ ಎಂದು.

"ಇದೆ," ಎಂದ ಕೊನೆಗೆ. ಕೀಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಕೆಳಗಿಳಿದ.

ಮಗಳು ಹತ್ತಿ ಕೂತಳು. ಹಲಗೆಯಿಂದಾಚೆ ಸರಿದು ನಿಂತ ಅಪ್ಪ ಪರದೆಯ ಕಡೆ ಕತ್ತೆತ್ತಿದ. "ಮಿತಿಗಿಂತ ಇಪ್ಪತ್ತು ಕಡಿಮೆ!" ಎಂದು ತೂಕದವನು ಚೀಟಿ ಹರಿದು ಕೊಟ್ಟ. ಪರ್ಮಿಟ್ಟು ಉಳಿಯಿತು.

"ಅಪ್ಪಾ, ಆ ಮೆತ್ತೆ ಕೊಡು. ಕ್ಲಚ್ಚಿಗೆ ಕಾಲು ಎಟುಕ್ತಿಲ್ಲ."

ಅಪ್ಪ ಮೆತ್ತೆ ಎತ್ತಿ ಕೊಟ್ಟ. "ಇಳಿಜಾರಲ್ಲಿ ಎರಡನೇ ಗೇರು. ಬ್ರೇಕ್ ಒತ್ತಿ ಹಿಡೀಬೇಡ. ತಿರುವಲ್ಲಿ…"

"ಗೊತ್ತಪ್ಪಾ. ಎರಡು ವರ್ಷದಿಂದ ಪಕ್ಕದಲ್ಲೇ ಕೂತು ನೋಡಿಲ್ವಾ?"

ಲಾರಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೊರಟಿತು. ಮೇಲಿನ ಕಾರು ಒಂದಿಷ್ಟೂ ಅಲುಗಲಿಲ್ಲ. ಅಪ್ಪನಿಗೆ ಹೆಮ್ಮೆಯಾಯಿತು. ನೋಡುತ್ತಾ ನೋಡುತ್ತಾ ಲಾರಿಯ ಹಿಂದೆಯೇ ನಾಲ್ಕು ಹೆಜ್ಜೆ ನಡೆದು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದ.

"ಯಜಮಾನ್ರೇ, ಹಲಗೆ ಮೇಲಿಂದ ಇಳೀರಿ. ನಿಮ್ಮ ತೂಕ ತೋರಿಸ್ತಿದೆ."

ಅಪ್ಪ ತಿರುಗಿ ನೋಡಿದ. ಮೂರು ಕಾರು ಹೊತ್ತ ಲಾರಿಯನ್ನು ತೂಗಿದ ಅದೇ ಪರದೆಯಲ್ಲಿ, ಒಂದು ಮೂಲೆಯಲ್ಲಿ, ತೊಂಬತ್ತು ಎಂದಿತ್ತು.

"ಇಷ್ಟೇನಾ?" ಎಂದ.

"ಇಷ್ಟೇ," ಎಂದು ತೂಕದವನು ಹಿಂದಿನ ಲಾರಿಗೆ ಬಾ ಎಂದು ಕೈಬೀಸಿದ.