ಜೂನ್ ಒಂದರ ಕಿಟಕಿ

ಜೂನ್ ಒಂದರಂದು ಗದಗಿನ ತಾರೀಖು ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ಕಾಲದ ಮಾಸ್ತರರು ಶಾಲೆಗೆ ಬಂದ ಮಕ್ಕಳಿಗೆಲ್ಲ ಅದೇ ಹುಟ್ಟಿದ ದಿನವೆಂದು ಬರೆದುಬಿಟ್ಟಿದ್ದರ ಫಲ. ದಾಖಲೆಯ ಹುಟ್ಟುಹಬ್ಬದಂದು ಬಂದವರು ತಮ್ಮ ಹುಟ್ಟಿದ ವರ್ಷದ ಅದೇ ದಿನವನ್ನು ಕಿಟಕಿಯಲ್ಲಿ ಹತ್ತು ನಿಮಿಷ ನೋಡಬಹುದು. ಕೆಲವರು ಸೇತುವೆಯ ಉದ್ಘಾಟನೆ ತೋರಿಸಲು ಕೇಳುತ್ತಾರೆ, ಕೆಲವರು ಅದೇ ದಿನ ಹುಟ್ಟಿದ ಸಿನಿಮಾ ನಟಿಯ ಮೊದಲ ಅಳು. ದ್ಯಾಮವ್ವ ಪ್ರತಿ ವರ್ಷವೂ ತಾನು ಹುಟ್ಟಿದ ಮನೆಯ ಅಡುಗೆಮನೆಯನ್ನೇ ಕೇಳುತ್ತಾಳೆ.

ಈ ಸಲ ಗುಮಾಸ್ತೆ ಶಮೀಮ ಖುಷಿಯಿಂದ ಕಾಗದವೊಂದನ್ನು ಚಾಚಿದಳು.

"ಆಯಿ, ನಿಮ್ಮ ಖರೇ ತಾರೀಖು ಸಿಕ್ಕೈತ್ರಿ. ನೀವು ಹುಟ್ಟಿದ್ದು ಜೂನ್ ಇಪ್ಪತ್ತೆಂಟು, ಕಾರಹುಣ್ಣಿವಿ ದಿನ. ಇಲ್ಲೊಂದು ಸಹಿ ಹಾಕ್ರಿ, ಮುಂದಿನ ವರ್ಷದಿಂದ ಆ ದಿನಾನ ನೋಡಬಹುದು."

ದ್ಯಾಮವ್ವ ಕಾಗದ ಮುಟ್ಟಲಿಲ್ಲ. ಕಿಟಕಿಯಲ್ಲಿ ತುಂಬುಬಸುರಿಯೊಬ್ಬಳು ರೊಟ್ಟಿ ಬಡಿಯುತ್ತಿದ್ದಳು.

"ಬ್ಯಾಡವ್ವಾ. ಕಾರಹುಣ್ಣಿವಿ ದಿನ ನನ್ನ ಹಡದು ಸತ್ಲು ನಮ್ಮವ್ವ. ಮಾಸ್ತರು ತಪ್ಪು ಬರದಿದ್ದಕ್ಕ ವರ್ಷಕ್ಕೊಮ್ಮೆರ ಸಿಗ್ತಾಳ."

ಶಮೀಮ ಕಾಗದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ದ್ಯಾಮವ್ವ ಅವಳ ತೋಳು ಹಿಡಿದು ಕಿಟಕಿಯತ್ತ ಎಳೆದಳು.

"ನೋಡಿಲ್ಲೆ, ಈಗ ಒದಿತೀನಿ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಹೆಂಗಸು ಹಿಟ್ಟು ಮೆತ್ತಿದ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ನಕ್ಕಳು.