ಚಮಚದಿಂದ ಕತ್ತರಿಸಲಾಗದ ಮಾಂಸ

ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷ ಕೋಲ್ಬರ್ನ್ ಮೂರನೇ ಸಲ ಚಮಚ ಒತ್ತಿದಾಗ ತಟ್ಟೆಯಲ್ಲಿದ್ದ ಮಾಂಸದ ತುಂಡು ಜಾರಿ ಮೇಜಿನ ಮೇಲೆ ಬಿತ್ತು.

"ಇದೇನು ತಮಾಷೆ ಡಾಕ್ಟ್ರೇ? ಒಂದು ಚಾಕು ತರ್ಸ್ರೀ!"

"ಊಟದ ಕೋಣೆಗೆ ಚಾಕು ಬರಬಾರ್ದು ಅಂತ ನಿಮ್ಮ ಮಂಡಳೀದೇ ನಿಯಮ ಸಾರ್," ಎಂದರು ಸೂಪರಿಂಟೆಂಡೆಂಟ್ ಡಾಕ್ಟರ್ ಪ್ರೂಯಿಟ್. "ಆ ನಿಯಮ ತೆಗೀರಿ ಅಂತ ನಾಲ್ಕು ಸಲ ಬರ್ದೆ. ಅಪಾಯ ಅಂದ್ರಿ." ಓಹಾಯೊದ ಆ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ವರ್ಷದ ತಪಾಸಣೆಯ ದಿನ ಮಂಡಳಿಯವರಿಗೆ ಸೂಪರಿಂಟೆಂಡೆಂಟರ ಮನೆಯಲ್ಲೇ ಔತಣ. 1907ರ ಈ ತಪಾಸಣೆಗೆ ಮಾತ್ರ ಪ್ರೂಯಿಟ್ ಮಂಡಳಿಯವರನ್ನು ಇಲ್ಲಿಗೆ ಕರೆತಂದು ರೋಗಿಗಳ ನಡುವೆ ಕೂರಿಸಿದ್ದರು.

ಎದುರಿಗಿದ್ದ ಮುದುಕಿ ಓರ್ಫಾ ವೆಂಡೆಲ್, ಹನ್ನೊಂದು ವರ್ಷದಿಂದ ಇಲ್ಲೇ ಇದ್ದವಳು, ನಕ್ಕುಬಿಟ್ಟಳು. "ಕೈಯಲ್ಲೇ ಹರ್ಕೊಳ್ಳಪ್ಪಾ, ನಾವೆಲ್ಲ ಹಂಗೇ ತಿನ್ನೋದು. ನಾಚ್ಕೆ ಆಗೋದು ಮೊದಲ್ನೇ ವರ್ಷ ಮಾತ್ರ."

ಪ್ರೂಯಿಟ್ ಕೋಟಿನ ಜೇಬಿನಿಂದ ಚಾಕು ತೆಗೆದರು. ಅಧ್ಯಕ್ಷರು ಕೈ ಚಾಚಿದರು. ಡಾಕ್ಟರು ಹಿಡಿಯನ್ನು ಮುಂದೆ ಮಾಡಿ ಅದನ್ನು ಕೊಟ್ಟದ್ದು ಓರ್ಫಾಳಿಗೆ.

"ಇವ್ರಿಗೆ ಸ್ವಲ್ಪ ಕತ್ತರಿಸಿ ಕೊಡ್ತೀರಾ ಅಮ್ಮಾ?"

ಕಾವಲಿನವನು ಧಾವಿಸಿ ಬಂದ. ಪ್ರೂಯಿಟ್ ಕಣ್ಣಲ್ಲೇ ತಡೆದರು. ಅವಳ ಕೈ ಸ್ವಲ್ಪ ತಪ್ಪಿದರೂ ಅವರ ಕೆಲಸ ಹೋಗುತ್ತಿತ್ತು.

ಓರ್ಫಾ ಅಧ್ಯಕ್ಷರ ಮಾಂಸವನ್ನು ಮಗುವಿಗೆ ಮಾಡಿಕೊಡುವ ಹಾಗೆ ಸಣ್ಣಸಣ್ಣಗೆ ಕತ್ತರಿಸಿದಳು. ಆಮೇಲೆ ತನ್ನದನ್ನೂ ಕತ್ತರಿಸಿಕೊಂಡಳು, ಯಾವ ಅವಸರವೂ ಇಲ್ಲದೆ. ಕೊನೆಗೆ ಚಾಕುವನ್ನು ಏಪ್ರನ್ನಿಗೆ ಒರೆಸಿ, ಹಿಡಿ ಮುಂದೆ ಮಾಡಿ ಅಧ್ಯಕ್ಷರತ್ತ ನೀಡಿದಳು.

ಕೋಲ್ಬರ್ನ್ ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಪಕ್ಕದಲ್ಲಿ ಕೈಯಲ್ಲೇ ಮಾಂಸ ಹರಿದುಕೊಳ್ಳುತ್ತಿದ್ದ ಹೆಂಗಸನ್ನು ನೋಡಿ ಮೆಲ್ಲಗೆ ಹೇಳಿದರು:

"ಅವ್ರಿಗೆ ಕೊಡಿ."