ಲೋಕಲ್ ಐಡಿ

ಬುಟೀಕು, ಕೆಫೆಗಳು ಸಾಲುಗಟ್ಟಿದ ಬೀದಿಯಲ್ಲಿ ಅದು ಹನ್ನೆರಡೇ ಕೋಣೆಗಳ ಹೊಸ ಹೋಟೆಲು. ಅಲ್ಲಿದ್ದ ಹಳೇ ಮನೆಯನ್ನು ಕೆಡವಿದವರು ಅದರ ಹಿತ್ತಾಳೆಯ ನಂಬರ್ ಫಲಕವನ್ನು ಮಾತ್ರ ಚಂದಕ್ಕೆಂದು ಉಳಿಸಿಕೊಂಡು, ಕೌಂಟರಿನ ಹಿಂದಿನ ಗೋಡೆಗೆ ತೂಗುಹಾಕಿದ್ದರು: ೧೧೮.

ವಯಸ್ಸಾದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ಆಧಾರ್ ಕಾರ್ಡ್ ಚಾಚಿದಳು. "ಒಂದು ರೂಮು ಬುಕ್ ಮಾಡಿದೀನಿ."

ಮ್ಯಾನೇಜರ್ ಅದರಲ್ಲಿ ಊರಿನ ಹೆಸರಷ್ಟನ್ನೇ ನೋಡಿ ವಾಪಸ್ ತಳ್ಳಿದ. "ಬೆಂಗಳೂರಿನೋರಿಗೆ ಕೊಡಲ್ಲಮ್ಮ. ಲೋಕಲ್ ಐಡಿ ನಡೆಯಲ್ಲ."

"ಯಾಕೆ?"

"ಊರಲ್ಲೇ ಮನೆ ಇಟ್ಕೊಂಡು ಹೋಟೆಲ್‌ಗೆ ಬರೋರು ಎಂಥೋರು ಅಂತ ನಿಮಗೂ ಗೊತ್ತು."

"ನನಗೆ ಗೊತ್ತಿಲ್ಲ. ನೀವೇ ಹೇಳಿ."

ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದವರು ತಲೆ ಎತ್ತಿದರು. ಅವನು ದನಿ ತಗ್ಗಿಸಿದ. "ಈ ವಯಸ್ಸಲ್ಲಿ ಗಲಾಟೆ ಯಾಕಮ್ಮ? ಸುಮ್ನೆ ನಿಮ್ಮನೆಗೆ ಹೋಗಿ."

ಆಕೆ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. "ನಮ್ಮನೆ ಎಲ್ಲಿದೆ ಅಂತ ನೋಡಿದ್ರೇನ್ರೀ? ಕಾರ್ಡ್ ತಗೊಂಡು ವಿಳಾಸ ಪೂರ್ತಿ ಓದಿ. ಎಲ್ರಿಗೂ ಕೇಳ್ಸೋ ಹಾಗೆ."

"ನಂಬರ್ ನೂರಾ ಹದಿನೆಂಟು..." ಎಂದವನು ಮುಂದೆ ಓದದೆ ಹಿಂದಿನ ಗೋಡೆಯ ಕಡೆ ತಿರುಗಿದ.

"ಮನೆಗೇ ಬಂದಿದೀನಿ," ಎಂದಳು ಆಕೆ. "ಕೀ ಕೊಡಿ."